ಮುಂಡರಗಿಯಲ್ಲಿ ಮುಗಿಯದ ಒನ್ಸ್ ಮೋರ್

ಆಟ ಶುರುವಾದ ಮೇಲೂ ಆಟವನ್ನು ತಿದ್ದುವ ಚಟ ಗಾಳೆಪ್ಪನವರದು. ನಾಟಕ ಕಂಪನಿಯ ಯಜಮಾನರು, ಯಾರು ಹೇಳೋರು? ಈಗ ಪರದೆ, ದೀಪ, ಸಂಗೀತ ಎಲ್ಲವೂ ಲಕ್ಷ್ಮೇಶ್ವರದ ಸಾಬೀರಾ ಬರೆದ ಪ್ರೋಗ್ರಾಮಿನ ಕೈಯಲ್ಲಿ. ಅವಳಿಗೆ ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು: "ಮುಂಡರಗಿ ಆಟದಾಗ ಒಂದ ತಪ್ಪಾದ್ರೂ ನೀನೂ ಬ್ಯಾಡ, ನಿನ್ನ ಕಂಪ್ಯೂಟರ್ ಪೆಟ್ಟಿಗಿನೂ ಬ್ಯಾಡ." ಸಾಬೀರಾಳಿಗೆ ಈ ಕೆಲಸ ಬೇಕೇ ಬೇಕಾಗಿತ್ತು. ಅಂಗಡಿಯಲ್ಲಿ ಬಿಲ್ಲು ಹೊಡೆದು ಹೊಡೆದು ಅವಳಿಗೆ ಜೀವ ಬೇಸತ್ತಿತ್ತು.

ಯಜಮಾನರ ಚಟಕ್ಕೆಂದೇ ಅವಳೊಂದು ಉಪಾಯ ಮಾಡಿದ್ದಳು. ಆಟ ನಡೆದಿರುವಾಗ ಅವರು ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡಿದರೆ ಅದು ಅಲ್ಲೇ ಕಂಪೈಲ್ ಆಗಿ, ಅಂದರೆ ಯಂತ್ರದ ಭಾಷೆಗೆ ತಿರುಗಿ, ಓಡುತ್ತಿತ್ತು. ಆದರೆ ಆ ಹೊಸ ಸಾಲಿಗೆ ತನ್ನದೇ ಕೈಕಾಲಿಲ್ಲ. ಏನು ಮಾಡಿಸಬೇಕಾದರೂ ದೊಡ್ಡ ಪ್ರೋಗ್ರಾಮಿನ ಫಂಕ್ಷನ್‌ಗಳನ್ನೇ, ಅಂದರೆ ಒಂದೊಂದು ಕೆಲಸಕ್ಕೆ ಹೆಸರಿಟ್ಟ ತುಣುಕುಗಳನ್ನೇ, ಕರೆಯಬೇಕು. ಅವಳು 'ದೀಪ', 'ಪರದೆ', 'ಹಾಡು' ಇಷ್ಟನ್ನೇ ಕರೆಯಲು ಬಿಟ್ಟಿದ್ದಳು.

"'ದೃಶ್ಯ'ನೂ ಬಿಡು," ಅಂದರು ಗಾಳೆಪ್ಪ.

"ಬ್ಯಾಡ್ರಿ ಕಾಕಾ, ಅದು ಪೂರ್ತಿ ಸೀನ್ ನಡಸ್ತೈತಿ. ಪಡಸಾಲ್ಯಾಗ ಕುಂತವ್ರಿಗೆ ತಿಜೋರಿ ಕೀಲಿ ಕೊಟ್ಟಂಗ ಅಕ್ಕೈತಿ."

ಪುಣ್ಯಾತ್ಮರು ಮುಖ ಊದಿಸಿಕೊಂಡು ಚಹಾ ಮುಟ್ಟಲಿಲ್ಲ, ಊಟಕ್ಕೂ ಏಳಲಿಲ್ಲ. ಸಾಬೀರಾ ಹಲ್ಲು ಕಚ್ಚಿ 'ದೃಶ್ಯ'ವನ್ನೂ ಬಿಟ್ಟುಕೊಟ್ಟಳು.

ರಾಜ್ಯೋತ್ಸವದ ಸಂಜೆ ಮುಂಡರಗಿಯಲ್ಲಿ ಏಕೀಕರಣದ ನಾಟಕ. ಕೊನೆಯ ದೃಶ್ಯದಲ್ಲಿ ನಕಾಶೆಯ ಮೇಲೆ ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರು ಕಡೆಯ ದೀಪಗಳು ಹೊತ್ತಿ ಒಂದಾದವು. ಹೋರಾಟಗಾರನ ವೇಷದ ಅಂದಪ್ಪ ಬಾವುಟ ಎತ್ತಿ ಹಾಡಿದ. "ಒನ್ಸ್ ಮೋರ್!" ಎಂದು ಮೈದಾನಕ್ಕೆ ಮೈದಾನವೇ ಕೂಗಿತು. ಒನ್ಸ್ ಮೋರ್ ಬಿದ್ದರೆ ಮಾಡಲೇಬೇಕು, ಅದು ಕಂಪನಿಯ ಧರ್ಮ. ಗಾಳೆಪ್ಪ ಉಬ್ಬಿಹೋಗಿ ಟೈಪ್ ಮಾಡಿದರು: ದೃಶ್ಯ ಮುಗಿದಾಗ, ಮತ್ತೆ ದೃಶ್ಯ.

ಎಷ್ಟು ಸಲ ಅಂತ ಬರೆಯಲೇ ಇಲ್ಲ ಮಹಾರಾಯರು! ದೃಶ್ಯ ಮುಗಿಯಿತು, ಅವರ ಸಾಲು 'ದೃಶ್ಯ'ವನ್ನು ಕರೆಯಿತು. ಅದು ಮುಗಿಯಿತು, ಮತ್ತೆ ಕರೆಯಿತು. ಪರದೆ ಎದ್ದು ಹಾರ್ಮೋನಿಯಂ ಪೇಟಿಯ ಸ್ವರ ಬಂದ ಮೇಲೆ ಸುಮ್ಮನೆ ನಿಲ್ಲುವುದು ಆ ಕಂಪನಿಯ ನಟರಿಗೆ ಗೊತ್ತಿಲ್ಲ. ಅಂದಪ್ಪ ಏದುಸಿರು ಬಿಡುತ್ತ ಕರ್ನಾಟಕವನ್ನು ಮತ್ತೆ ಮತ್ತೆ ಒಂದು ಮಾಡಿದ.

ಸಾಬೀರಾ ಅಂದುಕೊಂಡಳು: ಹೋಯಿತು ನನ್ನ ಕೆಲಸ! ಕರೆಯಲು ಬಿಟ್ಟ ಪಟ್ಟಿಯಿಂದ 'ದೃಶ್ಯ'ದ ಹೆಸರನ್ನು ಕಿತ್ತುಕೊಂಡರೆ ಆ ಸಾಲು ಕರೆದರೂ ಓಗೊಡುವವರು ಇರುವುದಿಲ್ಲ. ಅವಳು ಕೀಬೋರ್ಡಿಗೆ ಕೈ ಹಾಕಿದಳು.

"ತಡೀ ಯವ್ವಾ. ಅತ್ಲಾಗ ನೋಡು," ಅಂದರು ಗಾಳೆಪ್ಪ.

ವೇದಿಕೆಯ ಪಕ್ಕದಲ್ಲಿ ಮುಖ್ಯ ಅತಿಥಿಗಳು ಆಟ ಮುಗಿದ ಮೇಲೆ ಓದಬೇಕಾದ ಭಾಷಣದ ದಪ್ಪನೆಯ ಕಟ್ಟು ಹಿಡಿದು ನಿಂತಿದ್ದರು. ಪರದೆ ಬಿದ್ದಾಗ ಮುಂದೆ ಬರುವರು, ಎದ್ದಾಗ ಹಿಂದೆ ಸರಿಯುವರು. ಕಡೆಗೆ ಕೆಂಡಾಮಂಡಲವಾಗಿ ಒಳಗೆ ನುಗ್ಗಿದರು.

"ಯಾರದ್ರೀ ಈ ತಪ್ಪು?"

ಸಾಬೀರಾ ಎದ್ದು ನಿಂತಳು.

"ತಪ್ಪೇನಿಲ್ಲರಿ ಸಾಹೇಬ್ರ, ಜನಾ ಕೇಳಾಕತ್ಯಾರ," ಎಂದು ಗಾಳೆಪ್ಪ ಕೈ ಮುಗಿದರು.

ಭಾಷಣ ಮಾಡದೆಯೇ ಹೊರಟ ಅತಿಥಿಗಳ ಕಾರು ಡಂಬಳದ ದಾರಿ ಹಿಡಿದ ಮೇಲೆ ಅವಳು ಹೆಸರು ಕಿತ್ತಳು. ಪರದೆ ಬಿತ್ತು, ಮತ್ತೆ ಏಳಲಿಲ್ಲ. ಅಂದಪ್ಪ ಅಲ್ಲೇ ಕುಸಿದು ಕೂತು ನೀರು ಕೇಳಿದ.

"ಕಾಕಾ, ನಾಳಿಂದ ನಾ ಬರೂದು ಬ್ಯಾಡೇನ್ರಿ?"

"ಹುಚ್ಚಿ! ಮುಳಗುಂದದ ಆಟಕ್ಕ ಭಾಷಣದವ್ರು ಇಬ್ರು ಬರಾಕತ್ಯಾರ. ನೀ ಇಲ್ದಿದ್ರ ನಮ್ಮ ಗತಿ ಏನು?"