ವೇಬ್ರಿಡ್ಜಿನ ಹೊಸ ನಂಬರು

ನನ್ನ ಬಾಯಿ ಜೋರು, ಒಪ್ಪಿಕೊಳ್ಳುತ್ತೇನೆ. ಗಾದಿಗನೂರಿನ ಆಚೆ ಕಬ್ಬಿಣದ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನಿವೃತ್ತಿಯಾಗಲಿದ್ದ ಎರ್ರೆಪ್ಪಣ್ಣ ಒಂದು ವಾರ ಕೆಲಸ ಕಲಿಸಬೇಕಿತ್ತು. ಮೂರನೇ ದಿನಕ್ಕೇ ಅವರಿಗೆ, “ಇದೇನ್ರಿ ಅಣ್ಣಾ, ನಂಬರೆಲ್ಲಾ ಕೈಯಾಗ ಬರಿಯೋದು? ಯಾವ ಕಾಲ್ದಾಗ ಅದೀರಿ?” ಅಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. ಉಳಿದ ದಿನಗಳಲ್ಲಿ ಬೇಕಾದಷ್ಟೇ ಮಾತಾಡಿ ಊರಿಗೆ ಹೋದರು.

ನನಗೂ ಜಂಬ. ಮುಖ್ಯ ರೂಟರಿನ ಪಾಸ್‌ವರ್ಡ್ ಅವರೊಬ್ಬರಿಗೇ ಗೊತ್ತಿತ್ತು. ಕೇಳಿದರೆ ಸೋತಂತೆ ಅನ್ನಿಸಿ ಆರು ತಿಂಗಳು ಕೇಳಲೇ ಇಲ್ಲ. ರೂಟರ್ ತನ್ನ ಪಾಡಿಗೆ ತಾನು ನಡೆಯುತ್ತಿತ್ತು, ನಾನೂ ಸುಮ್ಮನಿದ್ದೆ.

ಪ್ರೊಬೇಷನ್ ಮುಗಿಯುವ ದಿನವೇ ವೇಬ್ರಿಡ್ಜ್ ಕೈಕೊಟ್ಟಿತು. ಲಾರಿ ತೂಗುವ ಕೋಣೆಯ ಕಂಪ್ಯೂಟರ್ ಹಿಂದಿನ ಸಂಜೆ ಸುಟ್ಟಿತ್ತು. ಬೆಳಿಗ್ಗೆ ಹೊಸದನ್ನು ಇಟ್ಟು, ಹಳೆಯದರ ಐಪಿ ಅಡ್ರೆಸ್ಸನ್ನೇ ಕೊಟ್ಟೆ. ಆದರೂ ತೂಕ ಆಫೀಸಿಗೆ ಬರಲೊಲ್ಲದು. ಕೇಬಲ್ ಬದಲಿಸಿದೆ, ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಿದೆ. ಊಹೂಂ! ಗೇಟಿನಾಚೆ ಅದಿರು ತುಂಬಿದ ಲಾರಿಗಳ ಸಾಲು ಸಂಡೂರು ರಸ್ತೆಯವರೆಗೂ ಬೆಳೆದಿತ್ತು.

ಮ್ಯಾನೇಜರ್ ಜಂಬುನಾಥ್ ಬಂದು ನಿಂತರು. “ಊಟದೊಳಗ ಆಗ್ಲಿಲ್ಲ ಅಂದ್ರ ಬಳ್ಳಾರಿಯಿಂದ ಎಂಜಿನಿಯರ್‌ನ ಕರಸ್ತೀನಿ. ಆಮ್ಯಾಲ ನಮಗ ನೀವ್ಯಾಕಮ್ಮ?”

ಈ ಕೆಲಸ ಹೋದರೆ ಮತ್ತೆ ಹೊಸಪೇಟೆಯ ಮೊಬೈಲ್ ಅಂಗಡಿಯಲ್ಲಿ ನಿಂತು ಸ್ಕ್ರೀನ್‌ಗಾರ್ಡ್ ಅಂಟಿಸಬೇಕು. ಮಾನ ಹೋದರೆ ಹೋಗಲಿ ಅಂತ ಎರ್ರೆಪ್ಪಣ್ಣನಿಗೆ ಫೋನ್ ಹಚ್ಚಿದೆ.

“ಅಣ್ಣಾ, ನಾ ಹೇಮಾವತಿ ರೀ.”

ಆ ಕಡೆ ಪಂಪ್‌ಸೆಟ್ಟಿನ ಸದ್ದು. ಬೈಯುತ್ತಾರೆ ಅಂದುಕೊಂಡೆ.

“ಕಬ್ಬಿಗೆ ನೀರ್ ಬಿಡಾಕತ್ತೀನಿ. ಹೇಳವ್ವ.”

ಹೇಳಿದೆ. ಅವರು ನಕ್ಕರು.

“ಮಿಶಿನ್ ಬದಲ್ ಮಾಡಿದ್ಯಾ? ಹಂಗಾರ ಎಆರ್‌ಪಿ ಟೇಬಲ್ ತಗದು ನೋಡು. ಯಾವ ಅಡ್ರೆಸ್ ಯಾವ ಮಿಶಿನ್‌ದು ಅಂತ ರೂಟರ್ ಬರ್ದಿಟ್ಟುಕೊಳ್ಳೋ ಪಟ್ಟಿ ಅದು. ಬ್ಯಾರೇವನ್ನ ತಾನೇ ಕೇಳಿ ತಿಳ್ಕೊಂತೈತಿ. ವೇಬ್ರಿಡ್ಜಿಂದು, ಇನ್ನಾ ಕೆಲವು ಮಾತ್ರ ನಾ ಕೈಯಾರೆ ಕಟ್ಟಿಟ್ಟೀನಿ.”

“ಯಾಕ್ರಿ?”

“ಒಮ್ಮಿ ಯಾವನೋ ತನ್ನ ಲ್ಯಾಪ್‌ಟಾಪಿಗೆ ಅದೇ ಅಡ್ರೆಸ್ ಹಾಕ್ಕೊಂಡು, ದಿನಪೂರ್ತಿ ತೂಕ ಬಂದಾಗಿತ್ತು. ಈಗ ಪಟ್ಟಿಯಾಗ ಸುಟ್ಟ ಮಿಶಿನ್ ನಂಬರೇ ಐತಿ. ಮನಿ ಬಿಟ್ಟು ಹೋದವರ ಹೆಸರಿಗೇ ರೂಟರ್ ಇನ್ನಾ ಕಾಗದ ಹಾಕಾಕತ್ತೈತಿ.”

ಕೈಯಲ್ಲಿ ಬರೆಯುವುದು ಯಾಕೆ ಅಂತ ಆಗಲೇ ವಿನಯದಿಂದ ಕೇಳಿದ್ದರೆ ಆಗಲೇ ಹೇಳುತ್ತಿದ್ದರು. ನಾಚಿಕೆಯಿಂದ ಸತ್ತೇ ಹೋಗುವಂತಾಯಿತು.

“ಪಾಸ್‌ವರ್ಡ್...” ಅಂದೆ.

“ಬರ್ಕೋ.”

ನನ್ನ ಲ್ಯಾಪ್‌ಟಾಪಿನಲ್ಲಿ ರೂಟರ್ ತೆರೆಯಿತು. ಹಳೆಯ ಕಂಪ್ಯೂಟರಿನ ನಂಬರು ಅಳಿಸಿದೆ. ಹೊಸದರ ಹಿಂಬದಿಯ ಚೀಟಿಯಲ್ಲಿದ್ದ ನಂಬರಿನ ಹನ್ನೆರಡು ಅಕ್ಷರಗಳನ್ನು ಎರಡೆರಡು ಸಲ ಓದಿ ಟೈಪ್ ಮಾಡಿದೆ. ಆಫೀಸಿನ ಕಿಟಕಿಯಿಂದ ಗುಮಾಸ್ತ ಗಾದಿಲಿಂಗ ಕೂಗಿದ: “ಬಂತು ಮೇಡಂ! ಮೂವತ್ತೊಂದು ಟನ್, ಬಂತು!”

ಮೊದಲ ಲಾರಿ ಇಳಿದು ಹೋಯಿತು. ಜಂಬುನಾಥ್ ಪರದೆ ನೋಡಿ, “ನಾಳೆ ಕನ್ಫರ್ಮೇಷನ್ ಲೆಟರ್ ಇಸ್ಕೊಳ್ರಿ,” ಅಂದರು. ಯಾರು ಹೇಳಿಕೊಟ್ಟರು ಅಂತ ನಾನೇ ಬಾಯಿಬಿಟ್ಟು ಹೇಳಿದೆ. ಅವರು ತಲೆಯಾಡಿಸಿ ಹೋದರು.

ಮುಚ್ಚುವ ಮೊದಲು ಪಟ್ಟಿಯನ್ನು ಕೆಳಗೆ ಸರಿಸಿದೆ. ಎರ್ರೆಪ್ಪಣ್ಣ ಕಟ್ಟಿಟ್ಟಿದ್ದವು ಹನ್ನೆರಡು ಸಾಲು, ಪ್ರತಿಯೊಂದರ ಪಕ್ಕಕ್ಕೂ ಒಂದು ಗುರುತು. ಕೊನೆಯ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪಿನ ನಂಬರು, ಪಕ್ಕದಲ್ಲಿ ನನ್ನ ಹೆಸರು, ಅವರು ಕೆಲಸ ಬಿಟ್ಟ ದಿನದ ತಾರೀಖು.

ಫೋನ್ ಇನ್ನೂ ಕಿವಿಯಲ್ಲಿತ್ತು. “ಅಣ್ಣಾ, ನನ್ನ ಹೆಸರು ಐತಲ್ರಿ ಇದ್ರಾಗ!”

“ಇರಬೇಕಲ್ಲ. ನಾ ಕಟ್ಟಿಟ್ಟ ಪಟ್ಟಿಯಾಗ ಇಲ್ಲದ ಮಿಶಿನ್ನಿಗೆ ಪಾಸ್‌ವರ್ಡ್ ಹೊಡದ್ರೂ ಆ ರೂಟರ್ ಬಾಗ್ಲಾ ತೆಗಿಯಂಗಿಲ್ಲ. ಹೋಗೋ ದಿನ ನಿಂದು ಸೇರಿಸಿಟ್ಟೆ. ಇವತ್ ಕೇಳ್ತಿ, ನಾಳಿ ಕೇಳ್ತಿ ಅಂತ ಆರು ತಿಂಗಳಿಂದ ಕಾಯಾಕತ್ತಿದ್ದೆ.”

ಕಣ್ಣು ತುಂಬಿ ಬಂತು. “ತಪ್ಪಾತ್ರಿ ಅಣ್ಣಾ,” ಅಂದೆ.

“ಇರ್ಲಿ ಬಿಡು. ಐತವಾರ ನಮ್ಮೂರು ಎಮ್ಮಿಗನೂರಿಗೆ ಬಾ. ಉಳಿದ ಹತ್ತು ಯಾಕ ಕಟ್ಟೀನಿ ಅಂತ ಹೇಳ್ತೀನಿ.”