ಗಿರಣಿಯವ್ವನ ಎಂಟು ಕೈ

ಎಪ್ಪತ್ತೆಂಟನೇ ಇಸವಿ, ಯುಗಾದಿ ನಾಲ್ಕು ದಿನ ಇದ್ದಾಗ, ಇಂಡಿ ಊರಿನ ಹತ್ತಿ ಗಿರಣಿಯಲ್ಲಿ ಮೂರನೇ ನಂಬರಿನ ಯಂತ್ರ ಅಗರಖೇಡದ ಶೇವಂತೆವ್ವನ ಬಲಗೈಯನ್ನು ಮೊಣಕೈತನಕ ತೆಗೆದುಕೊಂಡಿತು. ರೋಲರು ತೊಳೆದರು. ಮಧ್ಯಾಹ್ನದ ಪಾಳಿ ಹೊತ್ತಿಗೆ ಸರಿಯಾಗಿ ಶುರುವಾಯಿತು.

ಆರು ತಿಂಗಳ ಮೇಲೆ ಗಿರಣಿ ಮಾಲೀಕ ಬಸಂತರಾಯ ಸಾವ್ಕಾರ ಜೈನುದ್ದೀನನನ್ನು ಕರೆಸಿದ. ಜೈನುದ್ದೀನ ಮೊಹರಮ್ಮಿಗೆ ಬಿದಿರು, ಬಣ್ಣದ ಕಾಗದ, ಹೊಳೆಯುವ ಬೇಗಡಿ ಹಚ್ಚಿ ಡೋಲಿ ಕಟ್ಟುವವನು. ಅವನ ಡೋಲಿ ನೋಡಲು ಸಿಂದಗಿಯಿಂದ ಜನ ಗಾಡಿ ಹೂಡಿಕೊಂಡು ಬರುತ್ತಿದ್ದರು.

"ಈ ಸಲ ದಸರಾ ಖಂಡೇಪೂಜಿಗೆ ಬರೇ ಕುಂಕುಮ, ನಿಂಬಿಹಣ್ಣು ಸಾಲಂಗಿಲ್ಲೋ ಜೈನ್ಯಾ. ಮೂರನೇ ನಂಬರ್ ದೇವಿ ಆಗಬೇಕು. ಎಂಟು ಕೈ, ಕಿರೀಟ, ಮುಂದ ಪರದೆ. ನೋಡಿದವ್ರು ಕೈ ಮುಗೀಬೇಕು, ಹತ್ರ ಹೋಗಬಾರದು."

"ಯಾಕ್ರಿ ಸಾವ್ಕಾರ್ರ, ಒಂದನೇದು ಎರಡನೇದು ಏನ್ ಪಾಪ ಮಾಡ್ಯಾವು?"

"ಮೂರನೇದು ಬಲಿ ತಗೊಂಡೈತಲ್ಲೋ! ದೇವಿ ಇಲ್ಲದನ ತಗೊಂತೈತೇನು?"

ಸಾವ್ಕಾರ ನಕ್ಕ. ಜೈನುದ್ದೀನನೂ ನಕ್ಕ. ಅವನ ಮನೆ ನಿಂತದ್ದು ಸಾವ್ಕಾರನ ಜಾಗದಲ್ಲಿ, ನಗದೆ ಏನು ಮಾಡಿಯಾನು?

ಆದರೆ ಕೆಲಸಕ್ಕೆ ಇಳಿದ ಮೇಲೆ ಅವನಿಗೆ ಹುಚ್ಚೇ ಹಿಡಿಯಿತು. ಯಂತ್ರವನ್ನು ಸುತ್ತಿ ಸುತ್ತಿ ಗೇಣು ಹಾಕಿದ. ಗಾಲಿಯ ಹಿಂದೆ ಪ್ರಭಾವಳಿ, ಹತ್ತಿ ತುಂಬುವ ಬಾಯಿಯ ಮೇಲೆ ಕಿರೀಟ ಎಂದು ಇದ್ದಿಲಿನಿಂದ ಗೋಡೆ ಮೇಲೆ ಬರೆದ. ಕೈಗಳ ಭಾರ ಎಲ್ಲಿ ನಿಲ್ಲಿಸುವುದು ಎಂಬುದೊಂದೇ ಚಿಂತೆ. ನೋಡಿದರೆ ರೋಲರಿನ ಎಡಕ್ಕೆ ಎರಡು, ಬಲಕ್ಕೆ ಎರಡು ತೂತು, ಖಾಲಿ. ಬೆರಳು ಗಾತ್ರದ ಬಿದಿರು ತುರುಕಿದ, ಜಪ್ಪಯ್ಯ ಅಂದರೂ ಅಲುಗಲಿಲ್ಲ. 'ನನ್ನ ಸಲುವಾಗೇ ಕೊರದಂಗ ಐತಲ್ಲ' ಎಂದು ಹಿಗ್ಗಿದ. ಅಲ್ಲಿಂದ ಎಂಟು ತೋಳು ಹರಡಿ ಕೆಂಪು ಪರದೆ ಇಳಿಬಿಟ್ಟರೆ ರೋಲರು ಪೂರಾ ಮುಚ್ಚಿಹೋಯಿತು.

ಇನ್ನುಳಿದದ್ದು ಅಂಗೈ. ಜೈನುದ್ದೀನ ಮನಸ್ಸಿಗೆ ಬಂದಂತೆ ಕೈ ಬರೆಯುವವನಲ್ಲ. ಡೋಲಿಗೂ ಅಷ್ಟೆ: ಹರಕೆ ಹೊತ್ತವರ ಕೈಯನ್ನು ಕಾಗದದ ಮೇಲೆ ಇಡಿಸಿ, ಸುತ್ತ ಸೀಸದಕಡ್ಡಿ ಆಡಿಸಿ ಕತ್ತರಿಸುತ್ತಿದ್ದ. ಯಾರದೂ ಅಲ್ಲದ ಕೈ ದೇವರಿಗೆ ಸಲ್ಲುವುದಿಲ್ಲ ಎಂದು ಅವನ ಅಪ್ಪ ಕಲಿಸಿದ್ದ. ದೇವಿಗೆ ಹೆಂಗಸಿನ ಕೈ ಬೇಕೆಂಬ ಸುದ್ದಿ ಹರಡಿತು. ಅಷ್ಟಮಿಯ ಮುಂಜಾನೆ ಶೇವಂತೆವ್ವ ತಾನೇ ಬಂದಳು.

"ಕಾಕಾ, ಕೈ ಬೇಕಂತಲ್ಲ. ನಂದ ತಗೋರಿ. ಹೆಂಗೂ ಒಂದು ಕೊಟ್ಟೇನಿ, ಇನ್ನೊಂದು ಬರೇ ಬರ್ಕೊಳ್ಳಾಕ."

ಜೈನುದ್ದೀನ ಕಾಗದ ಹಾಸಿದ. ಅವಳು ಕೂತು ಎಡಗೈ ಚಾಚಿದಳು. ಅವನು ಬರೆದ, ಕತ್ತರಿಸಿದ. ಬಲಗೈ ಬೇಕೆಂದರೆ ಎಡಗೈಯ ಕಾಗದವನ್ನೇ ಮಗುಚುವುದು ಅವನ ರೂಢಿ. ಯೋಚಿಸದೆ ಮಗುಚಿದ.

"ಇದ ನೋಡ್ರಿ ನನ್ನ ಬಲಗೈ," ಅಂದಳು ಶೇವಂತೆವ್ವ. "ಕಿರಿಬೆರಳು ಜರಾ ಡೊಂಕು. ಎರಡೂ ಕೈಯಾಗ ಹಂಗ ಇತ್ತು."

ಆಮೇಲೆ ಯಂತ್ರದ ಕಡೆ ತಿರುಗಿದಳು.

"ಆ ತೂತಿನ್ಯಾಗ ಯಾಕ ಬಿದಿರು ಹಾಕೀರಿ?"

"ಖಾಲಿ ಇದ್ವು ತಂಗಿ."

"ಖಾಲಿ ಮಾಡಿದ್ದು ಕಾಕಾ! ರೋಲರ್ ಮುಂದ ಕೈ ಸಿಗದಂಗ ಕಬ್ಬಿಣದ ಜಾಳಿ ಇತ್ತು, ಆ ನಾಕು ತೂತಿಗೇ ಬೋಲ್ಟು. ಜಾಳಿ ಇದ್ರ ಹತ್ತಿ ತಡಾ ಹೊಕ್ಕೈತಿ ಅಂತ ಸಾವ್ಕಾರ ಕೀಳಿಸಿ ಗುಜರಿಗೆ ಹಾಕಿದ. ಈಗ ಅವನ, ಜಾಳಿ ಐತಿ, ಅಕಿನ ಎತ್ತಿ ಕೈ ಹಾಕ್ಯಾಳ ಅಂತ ಇಜಾಪುರದ ಕಾರ್ಖಾನಿ ಇಲಾಖೆಗೆ ಬರದು ಕೊಟ್ಟಾನ. ಸುಳ್ಳು ಮುಚ್ಚಾಕ ಹೊಸಾದು ತರಸ್ಯಾನಂತ, ಇನ್ನೂ ಬಂದಿಲ್ಲ. ನಾಳೆ ಅಲ್ಲಿ ಸಾಹೇಬ ನೋಡಾಕ ಬರ್ತಾನ. ತೂತು ಕಂಡ್ರ ನನ್ನ ಮಾತು ಖರೆ. ಕಾಣದಿದ್ರ ನಾ ಸುಳ್ಳಿ."

ಇಷ್ಟು ಹೇಳಿ ಹೋದಳು. ಕಟ್ಟಿದ್ದನ್ನು ಬಿಚ್ಚು ಎಂದು ಕೇಳಲಿಲ್ಲ. ಬಿಚ್ಚುವ ಧೈರ್ಯ ಜೈನುದ್ದೀನನಿಗೂ ಇರಲಿಲ್ಲ. ಸಂಜೆತನಕ ಕೂತು ಅವಳ ಕೈಯ ಅಚ್ಚಿನಲ್ಲೇ ಎಂಟೂ ಕೈ ಕತ್ತರಿಸಿ ಬೇಗಡಿ ಹಚ್ಚಿದ, ಬಿಗಿಯಾಗಿ ಕಟ್ಟಿದ.

ನವಮಿಯಂದು ಮೂರನೇ ನಂಬರು ಝಗಝಗ ಹೊಳೆಯಿತು. ಕೂಲಿ ಹೆಂಗಸರು ಹಣೆ ಹಚ್ಚಿ ಬಿದ್ದರು. ಅದೇ ಯಂತ್ರಕ್ಕೆ ದಿನಾ ಅಂಜುತ್ತ ಹತ್ತಿ ಉಣಿಸಿದವರು, ಈಗ ಅದಕ್ಕೇ ನೈವೇದ್ಯದ ಎಡಿ ಹಿಡಿದರು. ಇಜಾಪುರದ ಸಾಹೇಬ ಬಂದ. ಸಾವ್ಕಾರ ಅವನ ಕಾಲ ಕಡೆ ನೋಡಿ ಮೆಲ್ಲಗೆ, "ಬೂಟು ರೀ..." ಅಂದ. ಕಾಯಿದೆ ಹೊತ್ತು ಬಂದವನು ಬೂಟು ಬಿಚ್ಚಿ ಬರಿಗಾಲಲ್ಲಿ ಕೈ ಮುಗಿದು ನಿಂತ.

"ಜಾಳಿ ಎಲ್ಲೈತಿ?"

"ಪರದೆ ಹಿಂದ ರೀ. ದಶಮಿತನಕ ತೆಗದ್ರ ದೇವಿಗೆ ಅಪಚಾರ. ಬೇಕಾರ ಕಟ್ಟಿದವನ್ನ ಕೇಳ್ರಿ. ತುರುಕ ಅದಾನ, ನಮ್ಮ ದೇವಿ ಸಲುವಾಗಿ ಅವ ಯಾಕ ಸುಳ್ಳು ಹೇಳ್ತಾನ?"

ಜನ ನಕ್ಕರು. ಸಾಹೇಬ ಪೆನ್ನಿನ ಟೋಪಿ ತೆಗೆದ. ಶೇವಂತೆವ್ವ ಬಾಗಿಲಲ್ಲೇ ನಿಂತಿದ್ದಳು. ಕೈ ಹೋದವಳು ಒಳಗೆ ಬಂದರೆ ಪೂಜೆ ಕೆಡುತ್ತದೆಂದು ತಡೆದಿದ್ದರು.

"ಹೇಳೋ ಜೈನ್ಯಾ," ಸಾವ್ಕಾರ ಪಕ್ಕದಲ್ಲಿದ್ದವನ ಹೆಗಲ ಮೇಲೆ ಕೈಯಿಟ್ಟು ಒತ್ತಿ, ಕಿವಿಯ ಹತ್ತಿರ ದನಿ ತಗ್ಗಿಸಿದ. "ಜಾಳಿ ಮ್ಯಾಲನ ಕಟ್ಟೇನಿ ಅನ್ನು. ಮನ್ಯಾಗ ಹೆಂಡತಿ, ಮಕ್ಕಳದಾರ, ನೆನಪಿರ್ಲಿ."

ಜೈನುದ್ದೀನ ತಲೆಯೆತ್ತಿದ. ಎಂಟು ಕೈಯ ಎಂಟೂ ಕಿರಿಬೆರಳು ಡೊಂಕಾಗಿದ್ದವು.

"ಅನ್ನಂಗಿಲ್ರಿ," ಅಂದ.