ಹಿತ್ತಲಲ್ಲಿ ಸುಟ್ಟ ಖಾಲಿ ಡಬ್ಬಗಳು

ನಮ್ಮದು ಜೆರಾಕ್ಸ್ ಅಂಗಡಿ. ಮುಂದೆ ಎರಡು ಪ್ರಿಂಟರ್, ಹಿಂದಿನ ಕೋಣೆಯಲ್ಲಿ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಈಗಲೂ ಗಿರಾಕಿಗಳ ಪುಸ್ತಕಗಳಿಗೆ ಸ್ಪೈರಲ್ ಬೈಂಡಿಂಗ್ ಹಾಕಿಕೊಡುತ್ತಾಳೆ. ಒಂದು ವರ್ಷದಿಂದ ಅವಳಿಗೆ ಬಿಡದ ಕೆಮ್ಮು. ಮಾತಾಡುತ್ತಲೇ ಉಸಿರು ಸಾಲದೆ ನಿಲ್ಲಿಸುತ್ತಿದ್ದಳು. ಔಷಧಿ ತಂದುಕೊಟ್ಟು ನನ್ನ ಕೆಲಸ ಮುಗಿಯಿತೆಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಪ್ರಿಂಟರ್ ರಿಪೇರಿ ಮಾಡುವ ಹೆಣ್ಣುಮಗಳು ಬಂದಳು. ನಾನು ಹಿತ್ತಲ ಗೋಡೆಗೆ ಕಾರ್ಟ್ರಿಜ್, ಅಂದರೆ ಪ್ರಿಂಟರಿನ ಶಾಯಿಪುಡಿಯ ಡಬ್ಬ, ಬಡಿದು ಉಳಿದ ಪುಡಿ ಉದುರಿಸುತ್ತಿದ್ದೆ. ಪಕ್ಕದ ಹಳೇ ಡ್ರಮ್ಮಿನಲ್ಲಿ ರದ್ದಿ ಕಾಗದದ ಜೊತೆ ಖಾಲಿ ಕಾರ್ಟ್ರಿಜ್‌ಗಳು ಉರಿಯುತ್ತಿದ್ದವು.

"ಅಯ್ಯೋ ಅಣ್ಣಾ, ಏನ್ ಮಾಡ್ತಿದ್ದೀರಾ?"

"ಮನೆಗೆ ಬೆಂಕಿ ಬಿದ್ದೋರ ತರ ಕೂಗ್ತೀಯಲ್ಲಮ್ಮ! ಖಾಲಿ ಡಬ್ಬ ಇದು, ಗುಜರಿಯವನೂ ಮುಟ್ಟಲ್ಲ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕ್ಲಾ?"

"ಅದು ಪ್ಲಾಸ್ಟಿಕ್ ಅಣ್ಣ. ಸುಟ್ರೆ ವಿಷದ ಹೊಗೆ. ಪುಡೀನೂ ಅಷ್ಟೇ, ಬಡಿದ್ರೆ ಗಾಳಿಗೆ ಹಾರಿ ಎದೆಗಿಳಿಯುತ್ತೆ."

"ಹದಿನೈದು ವರ್ಷದಿಂದ ಬಡೀತಿದ್ದೀನಿ. ಗುಂಡುಕಲ್ಲಿನ ಹಾಗಿದ್ದೀನಿ, ನೋಡು."

ಅವಳು ವಾದಕ್ಕೆ ನಿಲ್ಲಲಿಲ್ಲ. ಒದ್ದೆ ಬಟ್ಟೆ ಹಿಡಿದು ಅಕ್ಕನ ಕೋಣೆಗೆ ಹೋಗಿ ಹಿತ್ತಲ ಕಡೆಯ ಕಿಟಕಿಯ ಕಟ್ಟೆ ಒರೆಸಿದಳು. ಬಟ್ಟೆ ಕಪ್ಪಾಯಿತು.

"ದಿನಾ ಎರಡು ಸಲ ಒರೆಸ್ತೀನಮ್ಮ," ಎಂದಳು ಅಕ್ಕ, ತಪ್ಪು ತನ್ನದೇ ಎನ್ನುವಂತೆ. "ಮತ್ತೆ ಬಂದು ಕೂತ್ಕೊಳ್ಳುತ್ತೆ."

"ಹೊಗೆನೂ ಒಳಗೆ ಬರುತ್ತಾ ಅಕ್ಕ? ನಂಗ್ಯಾಕೆ ಹೇಳ್ಲಿಲ್ಲ?" ಹಿಂದೆಯೇ ಬಂದಿದ್ದ ನಾನು ಕೇಳಿದೆ.

"ಏನಂತ ಹೇಳ್ಲೋ? ಈ ಅಂಗಡಿಯಿಂದಲೇ ನಮ್ಮ ಹೊಟ್ಟೆ ತುಂಬೋದು. ನೀನು ನೊಂದ್ಕೋತೀಯ ಅಂತ ಕಿಟಕಿ ಮುಚ್ಕೊಂಡು ಸುಮ್ನಿದ್ದೆ."

ನನಗೆ ಅಲ್ಲೇ ಅಳು ಬಂತು. ಸಾಕಿದವಳ ಉಸಿರಿಗೆ ನಾನೇ ಕುತ್ತು ತಂದಿದ್ದೆ. ಆಮೇಲೆ ಅಕ್ಕನನ್ನು ತೋರಿಸಿದಾಗ, ಕೆಮ್ಮಿಗೆ ಅದೊಂದೇ ಕಾರಣವೆಂದು ಡಾಕ್ಟರು ಹೇಳಲಿಲ್ಲ. ಆದರೆ ಈ ಹೊಗೆ, ಈ ಧೂಳು ಇರುವ ತನಕ ಯಾವ ಔಷಧಿಯೂ ಹತ್ತುವುದಿಲ್ಲ ಎಂದರು.

"ಹಾಗಾದ್ರೆ ಖಾಲಿ ಡಬ್ಬ ಏನ್ ಮಾಡ್ಲಿ?" ಎಂದು ಆ ಮಧ್ಯಾಹ್ನವೇ ರಿಪೇರಿಯವಳನ್ನು ಕೇಳಿದೆ.

"ಹೊಸದು ಬಂದ ಪೆಟ್ಟಿಗೆಯಲ್ಲೇ ಹಳೇದನ್ನ ಮುಚ್ಚಿಡಿ. ಎಷ್ಟೋ ಕಂಪನಿಗಳು ವಾಪಸ್ ತಗೊಳ್ತವೆ, ಕೇಳಿ ನೋಡಿ. ಚೆನ್ನಾಗಿರೋದನ್ನ ರೀಫಿಲ್ ಮಾಡೋರಿಗೆ ಕೊಡಿ. ಕೆಟ್ಟದ್ದು ಇ-ತ್ಯಾಜ್ಯ ಕೇಂದ್ರಕ್ಕೆ. ಇನ್ನೊಂದು ಅಣ್ಣ, ಪುಡಿ ಮುಗೀತಿದೆ ಅಂತ ಪ್ರಿಂಟರಿನ ದೀಪ ಮಿನುಗಿದ ತಕ್ಷಣ ಡಬ್ಬ ಕಿತ್ತು ಬಿಸಾಕ್ತೀರಲ್ಲ, ಅಕ್ಷರ ಮಸುಕಾಗೋ ತನಕ ಬಳಸಿ. ಕರಡು ಪ್ರತಿಗೆ ಕಡಿಮೆ ಪುಡಿಯ ಸೆಟ್ಟಿಂಗ್ ಇದೆ, ಅದನ್ನೇ ಹಾಕಿ."

ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಬಾಯಿಗೆ ಬಂದಿತ್ತು. ಒಳಗೆ ಅಕ್ಕ ಕೆಮ್ಮಿದಳು. ಅವತ್ತೇ ಡ್ರಮ್ಮನ್ನು ಗುಜರಿಗೆ ಹಾಕಿದೆ.

ಅಕ್ಕನ ಉಸಿರು ಪೂರ್ತಿ ಸರಿಹೋಗಿಲ್ಲ. ಮೊದಲಿಗಿಂತ ವಾಸಿ, ಅಷ್ಟೇ. ಕೆಮ್ಮಿನಲ್ಲೇ ಕಳೆದ ಆ ವರ್ಷವನ್ನು ನಾನು ಅವಳಿಗೆ ವಾಪಸ್ ಕೊಡಲಾರೆ.

ಅಂಗಡಿ, ಆಫೀಸು, ಶಾಲೆ ನಡೆಸುವವರೇ, ಖಾಲಿ ಕಾರ್ಟ್ರಿಜ್ ಸುಡಬೇಡಿ, ಬಡಿಯಬೇಡಿ, ಕಸದ ಬುಟ್ಟಿಗೆ ಎಸೆಯಬೇಡಿ. ಪೆಟ್ಟಿಗೆಯಲ್ಲಿಟ್ಟು ವಾಪಸ್ ಕೊಡಿ. ಗೋಡೆಯಾಚೆ ಯಾರೋ ನಿಮ್ಮ ಮೇಲಿನ ಪ್ರೀತಿಗೆ ಏನೂ ಹೇಳದೆ ಸಹಿಸುತ್ತಿರಬಹುದು. ಅವರು ಬಾಯಿ ಬಿಟ್ಟು ಹೇಳಲಿ ಎಂದು ಕಾಯಬೇಡಿ.